ಪ್ಯೂಪಾದೊಳಗೆ ಎಲ್ಲವೂ ಕರಗುವುದಿಲ್ಲ: ಚಿಟ್ಟೆಯ ರೆಕ್ಕೆ ಬೆಳೆಯುವ ಬಗೆ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. "ಪ್ಯೂಪಾದೊಳಗೆ ಕಂಬಳಿಹುಳು ಪೂರ್ತಿ ಕರಗಿ ದ್ರವವಾಗುತ್ತದೆ, ಆ ದ್ರವದಿಂದಲೇ ಚಿಟ್ಟೆ ರೂಪುಗೊಳ್ಳುತ್ತದೆ" ಎಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಈಚೆಗೆ ಒಬ್ಬ ವಿದ್ಯಾರ್ಥಿನಿ, "ಹಾಗಾದ್ರೆ ಚುಕ್ಕೆ ಎಲ್ಲಿ ಬರಬೇಕು ಅಂತ ಆ ದ್ರವಕ್ಕೆ ಹೇಗೆ ಗೊತ್ತಾಗುತ್ತೆ ಸರ್? ಸಿ.ಟಿ. ಸ್ಕ್ಯಾನ್ ಮಾಡಿದ್ರೆ ಒಳಗೆ ನಡೆಯೋದು ಕಾಣಲ್ವಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಜೊತೆಗೆ, ತರಗತಿಯಲ್ಲಿ ಸಾಕಿದ ಚಿಟ್ಟೆಗಳಲ್ಲಿ ಕೆಲವು ಮುದುಡಿದ ರೆಕ್ಕೆಯೊಂದಿಗೆ ಹೊರಬರುತ್ತವೆ. ಅದು ಯಾಕೆ?

ಉತ್ತರ: ನಿಮ್ಮ ವಿದ್ಯಾರ್ಥಿನಿಯ ಅನುಮಾನ ಸರಿಯಾಗಿದೆ. ಬರೀ ದ್ರವಕ್ಕೆ ಚುಕ್ಕೆ ಎಲ್ಲಿ ಬರಬೇಕೆಂಬುದು ತಿಳಿಯಲು ಸಾಧ್ಯವಿಲ್ಲ. ರೆಕ್ಕೆ ದ್ರವದಿಂದ ಹುಟ್ಟುವುದೂ ಇಲ್ಲ. ಹುಳು ಎಲೆ ತಿನ್ನುತ್ತಿರುವಾಗಲೇ ಅದರ ಚರ್ಮದೊಳಗೆ ನಾಲ್ಕೂ ರೆಕ್ಕೆಗಳ ಮೊಳಕೆ ಇರುತ್ತದೆ, ಚುಕ್ಕೆಯ ಜಾಗವೂ ಆಗಲೇ ಗೊತ್ತಾಗಿರುತ್ತದೆ. ಪ್ಯೂಪಾದ ಅವಧಿಯಲ್ಲಿ ಆಗುವುದು ಮುಖ್ಯವಾಗಿ ಎರಡು ಕೆಲಸ: ಆ ರೆಕ್ಕೆಗೆ ಹುರುಪೆ (ಮುಟ್ಟಿದರೆ ಬೆರಳಿಗೆ ಪುಡಿಯಂತೆ ಅಂಟುವ ಕಣಗಳು) ಬೆಳೆಸುವುದು, ಹುರುಪೆಗೆ ಬಣ್ಣ ತುಂಬುವುದು.

"ಕರಗುವುದು" ಪೂರ್ತಿ ಸುಳ್ಳೇನಲ್ಲ. ಹುಳುವಿನ ಬಹುಪಾಲು ಸ್ನಾಯುಗಳು ಒಡೆದುಹೋಗುತ್ತವೆ, ಎಲೆ ಅರೆದು ಅರಗಿಸುತ್ತಿದ್ದ ದೊಡ್ಡ ಕರುಳು ಕುಗ್ಗಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಪ್ಯೂಪಾವನ್ನು ಕತ್ತರಿಸಿದವರ ಕೈಗೆ ಹತ್ತುವ ಕೆನೆಯಂಥ ದ್ರವದಲ್ಲಿ ಹೆಚ್ಚಿನದು ಕೊಬ್ಬಿನ ಜೀವಕೋಶಗಳು ಮತ್ತು ಕೀಟದ ರಕ್ತವಾದ ಹೀಮೋಲಿಂಫ್. "ಎಲ್ಲಾ ಕರಗಿದೆ" ಅನ್ನುವ ಮಾತು ಹುಟ್ಟಿದ್ದು ಹಾಗೆ ಕತ್ತರಿಸಿ ನೋಡಿದ್ದರಿಂದಲೇ. ಕತ್ತರಿ ತಾಗಿದೊಡನೆ ನವಿರಾದ ಅಂಗಗಳೆಲ್ಲ ಕಲಸಿಹೋಗುತ್ತವೆ. ಬೆನ್ನುದ್ದಕ್ಕೂ ಇರುವ ಹೃದಯನಾಳ ಉಳಿಯುತ್ತದೆ. ಶ್ವಾಸನಾಳಗಳ ಮುಖ್ಯ ಕೊಂಬೆಗಳು ಉಳಿಯುತ್ತವೆ. ನರವ್ಯೂಹ ಮರುಜೋಡಣೆಯಾಗುತ್ತದೆಯೇ ಹೊರತು ಅಳಿಸಿಹೋಗುವುದಿಲ್ಲ.

ನರವ್ಯೂಹದ ಬಗ್ಗೆ ಒಂದು ಸೊಗಸಾದ ಪ್ರಯೋಗವಿದೆ, ಮಕ್ಕಳಿಗೆ ಹೇಳಬಹುದು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಂಡವೊಂದು 2008ರಲ್ಲಿ ಪ್ರಕಟಿಸಿದ್ದು. ತಂಬಾಕಿನ ಗಿಡ ತಿನ್ನುವ ಮ್ಯಾಂಡುಕಾ ಪತಂಗದ ಹುಳುಗಳಿಗೆ ಈಥೈಲ್ ಅಸಿಟೇಟಿನ ವಾಸನೆ ತೋರಿಸಿ ಅದರೊಂದಿಗೆ ಸಣ್ಣ ವಿದ್ಯುತ್ ಷಾಕ್ ಕೊಟ್ಟರು. ಹುಳು ಪೊರೆ ಕಳಚುತ್ತ ಹಂತ ಹಂತವಾಗಿ ಬೆಳೆಯುತ್ತದೆ. ಐದನೆಯ, ಅಂದರೆ ಕೊನೆಯ, ಹಂತದ ಹುಳುವಾಗಿದ್ದಾಗ ಈ ಪಾಠ ಕಲಿತವು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಮೂರನೆಯ ಹಂತದಲ್ಲಿ ಕಲಿತವುಗಳಲ್ಲಿ ಆ ನೆನಪು ಪತಂಗದವರೆಗೆ ಬರಲಿಲ್ಲ. ಇದನ್ನು ಮನುಷ್ಯರ ಆಘಾತದ ನೆನಪಿಗೆ ತಳುಕು ಹಾಕಿ ಹೇಳಬೇಡಿ, ಪ್ರಯೋಗ ತೋರಿಸಿದ್ದು ಒಂದು ವಾಸನೆಗೂ ಒಂದು ಷಾಕಿಗೂ ಇರುವ ನಂಟು ಉಳಿಯಿತು ಎಂಬುದನ್ನಷ್ಟೆ. ಎಲ್ಲವೂ ದ್ರವವಾಗಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂಬುದಕ್ಕೆ ಅದು ಸಾಕು.

ಈಗ ರೆಕ್ಕೆಯ ಮೊಳಕೆಗೆ ಬರೋಣ. ಹುಳುವಿನ ಎದೆಯಲ್ಲಿ ಮೂರು ಖಂಡಗಳು, ಒಂದೊಂದಕ್ಕೆ ಒಂದು ಜೊತೆ ನಿಜವಾದ ಕಾಲು. ಎರಡನೆಯ ಖಂಡದ ಎಡಬಲಕ್ಕೆ ಮುಂದಿನ ರೆಕ್ಕೆಗಳ ಮೊಳಕೆ, ಮೂರನೆಯದರ ಎಡಬಲಕ್ಕೆ ಹಿಂದಿನ ರೆಕ್ಕೆಗಳ ಮೊಳಕೆ. ವಿಜ್ಞಾನಿಗಳು ಇವನ್ನು ಇಮ್ಯಾಜಿನಲ್ ಡಿಸ್ಕ್ ಎನ್ನುತ್ತಾರೆ. ಇವು ಚರ್ಮದ ಪದರವೇ ಒಳಕ್ಕೆ ಮಡಚಿ ಆದ ಚಪ್ಪಟೆ ಚೀಲಗಳು. ಒಂದೇ ಜೀವಕೋಶದಷ್ಟು ದಪ್ಪದ ಎರಡು ಹಾಳೆಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುತ್ತವೆ. ಒಂದು ರೆಕ್ಕೆಯ ಮೇಲ್ಮೈ, ಇನ್ನೊಂದು ಕೆಳಮೈ. ಹುಳುವಿನೊಳಗೆ ರೆಕ್ಕೆ ಇದೆಯೆಂಬುದು ಹೊಸ ಸಂಗತಿಯೂ ಅಲ್ಲ, 17ನೇ ಶತಮಾನದಲ್ಲೇ ಡಚ್ ಅಂಗರಚನಾ ತಜ್ಞ ಯಾನ್ ಸ್ವಾಮರ್ಡಾಮ್ ಹುಳುವಿನ ಚರ್ಮ ಸುಲಿದು ಅದನ್ನು ತೋರಿಸಿದ್ದ.

ಮೊದಲ ಹಂತಗಳಲ್ಲಿ ಮೊಳಕೆ ನಿಧಾನವಾಗಿ ಬೆಳೆಯುತ್ತದೆ, ಕೊನೆಯ ಹಂತದಲ್ಲಿ ಓಟಕ್ಕೆ ಬೀಳುತ್ತದೆ. ಆ ಹೊತ್ತಿಗೆ ಎರಡು ಹಾಳೆಗಳ ನಡುವೆ ಕಾಲುವೆಗಳು ತೆರೆದುಕೊಳ್ಳುತ್ತವೆ. ಸಣ್ಣ ಶ್ವಾಸನಾಳಗಳು ಆ ಕಾಲುವೆಗಳಿಗೆ ನುಗ್ಗುತ್ತವೆ. ಮುಂದೆ ರೆಕ್ಕೆಯ ನಾಳಗಳಾಗುವುದು ಇವೇ. ಅಂಚಿಗೆ ಸಮಾನಾಂತರವಾಗಿ ಒಂದು ಗಡಿಕಾಲುವೆಯೂ ಹರಿಯುತ್ತದೆ, ಮತ್ತು ಅದರಿಂದಾಚೆಗಿರುವ ಜೀವಕೋಶಗಳು ಪ್ಯೂಪಾದ ದಿನಗಳಲ್ಲಿ ಸತ್ತುಹೋಗುತ್ತವೆ. ಬಾಲದ ಚಿಟ್ಟೆಗಳ ರೆಕ್ಕೆಯ ತುದಿಯಲ್ಲಿ ಕಾಣುವ ಆ ಚೂಪು ಬಾಲ ಹೊರಕ್ಕೆ ಬೆಳೆದು ಬಂದದ್ದಲ್ಲ, ಸುತ್ತಲಿನ ಅಂಗಾಂಶ ಉದುರಿ ಉಳಿದದ್ದು. ರೆಕ್ಕೆಯ ಆಕಾರವನ್ನು ಪಾಠದಲ್ಲಿ ವಿವರಿಸುವಾಗ ಈ ಅಂಶವನ್ನು ಬಿಡಬೇಡಿ.

ಪೊರೆ ಕಳಚಿ ಪ್ಯೂಪಾ ಆಗುವ ಕ್ಷಣದಲ್ಲಿ ಒಳಗಿನ ರೆಕ್ಕೆ, ಅಂಗಿಯ ಜೇಬನ್ನು ಒಳಗಿಂದ ಎಳೆದು ಹೊರಹಾಕಿದ ಹಾಗೆ, ಹೊರಗೆ ಬಂದು ಮೈಗಂಟಿಕೊಳ್ಳುತ್ತದೆ. ಮೇಲಿನ ಹೊಸ ಚರ್ಮ ಗಟ್ಟಿಯಾಗಿ ಅದನ್ನು ಮುಚ್ಚುತ್ತದೆ. ಆದ್ದರಿಂದಲೇ ಪ್ಯೂಪಾದ ಎರಡೂ ಬದಿಗೆ ರೆಕ್ಕೆಯ ಗಡಿ, ನಾಳಗಳ ಏರು ಬರಿಗಣ್ಣಿಗೆ ಕಾಣುತ್ತದೆ. ಹೊಸದಾಗಿ ಆದ ಪ್ಯೂಪಾವನ್ನು ಪಕ್ಕದಿಂದ ಬೀಳುವ ಬೆಳಕಿನಲ್ಲಿ ನೋಡಲು ಮಕ್ಕಳಿಗೆ ಹೇಳಿ. ಒಂದು ಗಂಟೆಯ ಹಿಂದೆ ಹುಳುವಾಗಿದ್ದುದರ ಮೈಮೇಲೆ ಪೂರ್ತಿ ಆಕಾರದ ರೆಕ್ಕೆ! "ಕರಗುವ" ಕಥೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ, ಸೂಕ್ಷ್ಮದರ್ಶಕವೂ ಬೇಕಿಲ್ಲ.

ಇನ್ನು ಚುಕ್ಕೆ. ಅನೇಕ ಚಿಟ್ಟೆಗಳ ರೆಕ್ಕೆಯಲ್ಲಿ ಕಣ್ಣಿನಂತೆ ಒಂದರೊಳಗೊಂದು ಬಳೆಗಳಿರುವ ಗುರುತು ಇರುತ್ತದೆ, ಕಣ್ಚುಕ್ಕೆ ಅನ್ನೋಣ. ಅದು ಸಾಮಾನ್ಯವಾಗಿ ಎರಡು ನಾಳಗಳ ನಡುಮಧ್ಯಕ್ಕೆ ಕೂರುತ್ತದೆ. 1980ರಲ್ಲಿ ಜೀವವಿಜ್ಞಾನಿ ಫ್ರೆಡ್ ನೈಹೌಟ್ ಅಮೆರಿಕದ ಬಕ್ಐ ಎಂಬ ಚಿಟ್ಟೆಯ ಎಳೆಯ ಪ್ಯೂಪಾ ತೆಗೆದುಕೊಂಡು, ಮುಂದೆ ಕಣ್ಚುಕ್ಕೆಯ ನಡುವಾಗುವ ಜಾಗದ ಕೆಲವೇ ಜೀವಕೋಶಗಳನ್ನು ಬಿಸಿ ಸೂಜಿಯ ಮೊನೆಯಿಂದ ಸುಟ್ಟರು. ಬೇಗ ಸುಟ್ಟಲ್ಲಿ ಕಣ್ಚುಕ್ಕೆ ಮೂಡಲಿಲ್ಲ ಅಥವಾ ಕಿರಿದಾಯಿತು. ತಡಮಾಡಿ ಸುಟ್ಟಷ್ಟೂ ಪರಿಣಾಮ ಕಡಿಮೆಯಾಗುತ್ತ ಹೋಯಿತು. ಅದೇ ನಡುವಿನ ಜೀವಕೋಶಗಳನ್ನು ಕಿತ್ತು ರೆಕ್ಕೆಯ ಬೇರೆ ಕಡೆ ನೆಟ್ಟಾಗ, ಎಂದೂ ಚುಕ್ಕೆ ಬಾರದ ಜಾಗದಲ್ಲಿ ಬಳೆಗಳು ಮೂಡಿದವು. ನಡುವಿನಿಂದ ಒಂದು ಸಂದೇಶ ಹೊರಟು ಹರಡುತ್ತದೆ, ಹತ್ತಿರದವರಿಗೆ ಜೋರಾಗಿ, ದೂರದವರಿಗೆ ಮೆಲ್ಲಗೆ ಮುಟ್ಟುತ್ತದೆ, ತಲುಪಿದ ಪ್ರಮಾಣ ನೋಡಿ ಒಂದೊಂದು ಜೀವಕೋಶ ತನ್ನ ಬಣ್ಣ ಆಯ್ದುಕೊಳ್ಳುತ್ತದೆ ಎಂಬ ವಿವರಣೆ ಬಂದದ್ದು ಹೀಗೆ.

ಆ ನಡು ಎಲ್ಲಿ ಎಂಬುದು ತೀರ್ಮಾನವಾಗುವುದು ಇನ್ನೂ ಹಿಂದೆ, ಹುಳುವಿನ ಕೊನೆಯ ಹಂತದಲ್ಲಿ. 1994ರಲ್ಲಿ ಶಾನ್ ಕ್ಯಾರೊಲ್ ಅವರ ತಂಡ ಬಕ್ಐ ಹುಳುವಿನ ರೆಕ್ಕೆ ಮೊಳಕೆಗೆ ಬಣ್ಣ ಕಟ್ಟಿ ನೋಡಿದಾಗ, ಡಿಸ್ಟಲ್‌ಲೆಸ್ ಎಂಬ ಜೀನ್ ಚುಕ್ಕೆಯ ನಡುವಾಗಲಿರುವ ಜಾಗಗಳಲ್ಲಿ ಚಾಲೂ ಆಗಿರುವುದು ಕಂಡಿತು. ಈ ಜೀನ್ ಕೀಟಗಳ ಕಾಲು ಬೆಳೆಸುವ ಕೆಲಸಕ್ಕೆ ಮೊದಲೇ ಪರಿಚಿತ. ಹಳೆಯ ಸಲಕರಣೆಯನ್ನೇ ಹೊಸ ಕೆಲಸಕ್ಕೆ ಹಚ್ಚಲಾಗಿದೆ ಎಂಬುದು ಆ ವರ್ಷ ದೊಡ್ಡ ಸುದ್ದಿಯಾಗಿತ್ತು.

ಆಮೇಲೆ ಜೀನನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್ ಎಂಬ ವಿಧಾನ ಬಂತು. ಚಿಟ್ಟೆಯಲ್ಲಿ ಅದನ್ನು ಮಾಡುವ ಕ್ರಮ ತಿಳಿದರೆ ಅದರ ಫಲಿತಾಂಶ ಓದುವುದು ಸುಲಭ. ಮೊಟ್ಟೆಯಿಟ್ಟ ಕೆಲವೇ ಗಂಟೆಗಳೊಳಗೆ, ಅತಿ ಸಪೂರ ಗಾಜಿನ ಸೂಜಿಯಿಂದ, ಕತ್ತರಿಸುವ ಪ್ರೋಟೀನು ಮತ್ತು ಅದಕ್ಕೆ ದಾರಿ ತೋರುವ ಆರ್‌ಎನ್‌ಎ ಎರಡನ್ನೂ ಮೊಟ್ಟೆಯೊಳಗೆ ಚುಚ್ಚುತ್ತಾರೆ. ಅಷ್ಟರಲ್ಲಿ ಮೊಟ್ಟೆಯ ಕೋಶಕೇಂದ್ರಗಳು ಹೆಚ್ಚುತ್ತ ಹೋಗಿರುತ್ತವೆ, ಕತ್ತರಿ ಕೆಲವಕ್ಕೆ ತಗಲುತ್ತದೆ, ಕೆಲವಕ್ಕೆ ತಗಲುವುದಿಲ್ಲ. ಹೀಗಾಗಿ ಬೆಳೆದ ಚಿಟ್ಟೆಯ ಮೈ ತೇಪೆ ತೇಪೆ: ಎಡರೆಕ್ಕೆಯಲ್ಲಿ ಜೀನ್ ಕೆಟ್ಟಿದೆ, ಬಲರೆಕ್ಕೆ ನೆಟ್ಟಗಿದೆ. ಬೇರೆ ಪ್ರಾಣಿಗಳಲ್ಲಿ ತಲೆನೋವೆನಿಸುವ ಈ ಗುಣ ಇಲ್ಲಿ ವರವಾಗಿದೆ, ಹೋಲಿಕೆಗೆ ಬೇಕಾದ ಸಹಜ ರೆಕ್ಕೆ ಅದೇ ಚಿಟ್ಟೆಯ ಇನ್ನೊಂದು ಬದಿಯಲ್ಲಿ ಸಿಗುತ್ತದೆ.

ಆದರೆ ಫಲಿತಾಂಶವನ್ನು ಒಂದೇ ಸಲಕ್ಕೆ ನಂಬುವಂತಿಲ್ಲ. 2016ರಲ್ಲಿ ರಾಬರ್ಟ್ ರೀಡ್ ಅವರ ತಂಡ ಡಿಸ್ಟಲ್‌ಲೆಸ್ ಕತ್ತರಿಸಿದಾಗ ಕಣ್ಚುಕ್ಕೆ ಹೋಗುವ ಬದಲು ದೊಡ್ಡದಾಯಿತು, ಹೆಚ್ಚುವರಿ ಚುಕ್ಕೆಯೂ ಬಂತು. ಸ್ಪಾಲ್ಟ್ ಎಂಬ ಇನ್ನೊಂದು ಜೀನ್ ಕತ್ತರಿಸಿದಾಗ ಮಾತ್ರ ಚುಕ್ಕೆ ಮಾಯವಾಯಿತು. ಡಿಸ್ಟಲ್‌ಲೆಸ್ ಚುಕ್ಕೆಯನ್ನು ತಡೆಯುವ ಜೀನ್ ಇರಬೇಕೆಂದು ಆಗ ತೋರಿತು. 2019ರಲ್ಲಿ ಅಂಟೋನಿಯಾ ಮೊಂಟೇರೊ ಅವರ ತಂಡ ಬೈಸೈಕ್ಲಸ್ ಚಿಟ್ಟೆಯಲ್ಲಿ ಅದೇ ಜೀನಿನ ಬೇರೆ ಬೇರೆ ತುಂಡುಗಳನ್ನು ಕತ್ತರಿಸಿ ನೋಡಿತು. ಒಂದು ತುಂಡಿಗೆ ಪೆಟ್ಟು ಬಿದ್ದರೆ ಹೆಚ್ಚುವರಿ ಚುಕ್ಕೆ, ಇನ್ನೊಂದಕ್ಕೆ ಬಿದ್ದರೆ ಚುಕ್ಕೆಯೇ ಇಲ್ಲ. ಅಂದರೆ ಜೀನಿನ ಹೆಸರಿಗಿಂತ, ಅದನ್ನು ಎಲ್ಲಿ ಕತ್ತರಿಸಿದರು ಎಂಬುದು ಮುಖ್ಯವಾಯಿತು.

ಇಂಥದೇ ತಿರುವು ಕಪ್ಪು ಬಣ್ಣದ ವಿಚಾರದಲ್ಲೂ ಆಯಿತು. ಕಾರ್ಟೆಕ್ಸ್ ಎಂಬ ಜೀನಿನ ಸುತ್ತಲಿನ ಭಾಗ ಅನೇಕ ಚಿಟ್ಟೆ–ಪತಂಗಗಳ ಕಪ್ಪು ಗುರುತುಗಳನ್ನು ನಿಯಂತ್ರಿಸುತ್ತದೆ ಎಂದು 2016ರಲ್ಲಿ ಗೊತ್ತಾಗಿತ್ತು. ಪಠ್ಯಗಳಲ್ಲಿ ಬರುವ ಪೆಪ್ಪರ್ಡ್ ಪತಂಗದ ಕಪ್ಪು ರೂಪವೂ ಇದರಲ್ಲಿ ಸೇರಿತ್ತು. 2024ರಲ್ಲಿ ಬಂದ ಪ್ರಬಂಧಗಳು, ಅಸಲಿ ಕೆಲಸಗಾರ ಕಾರ್ಟೆಕ್ಸ್ ಅಲ್ಲ, ಅದರ ನೆರೆಯಲ್ಲಿರುವ, ಪ್ರೋಟೀನು ತಯಾರಿಸದ ಐವರಿ ಎಂಬ ಆರ್‌ಎನ್‌ಎ ಮತ್ತು ಅದರಿಂದ ಬರುವ ಪುಟ್ಟ ಮೈಕ್ರೋ ಆರ್‌ಎನ್‌ಎ ಎಂದು ತೋರಿಸಿದವು. ಪೆಪ್ಪರ್ಡ್ ಪತಂಗದ ಉದಾಹರಣೆಯನ್ನು ನೀವು ಪಾಠದಲ್ಲಿ ಬಳಸುತ್ತಿದ್ದರೆ ಈ ತಿದ್ದುಪಡಿಯನ್ನೂ ಸೇರಿಸಿ.

ಸಿ.ಟಿ. ಸ್ಕ್ಯಾನ್ ಮಾಡಿದರೆ ಕಾಣುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ: ಕಾಣುತ್ತದೆ, ಆದರೆ ಹುಡುಕುತ್ತಿರುವ ರೆಕ್ಕೆ ಮಾತ್ರ ಸರಿಯಾಗಿ ಕಾಣುವುದಿಲ್ಲ. ಕಾರಣ ತಿಳಿದುಕೊಳ್ಳಬೇಕಾದಂಥದ್ದು. ಆಸ್ಪತ್ರೆಯ ಸಿ.ಟಿ.ಯಲ್ಲಿ ಒಂದು ಚಿತ್ರಬಿಂದುವಿನ ಅಗಲ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಒಂದೆರಡು ಸೆಂಟಿಮೀಟರಿನ ಪ್ಯೂಪಾ ಅದರಲ್ಲಿ ಕೆಲವು ಚುಕ್ಕಿಗಳ ಗುಂಪಾಗಿ ಕಂಡೀತು ಅಷ್ಟೆ. ಸಂಶೋಧನೆಗೆ ಬಳಸುವುದು ಮೈಕ್ರೋ ಸಿ.ಟಿ. ಇದರಲ್ಲಿ ಯಂತ್ರ ಸುತ್ತುವುದಿಲ್ಲ, ಎಕ್ಸ್‌ರೇ ಮೂಲಕ್ಕೂ ಕ್ಯಾಮರಾಕ್ಕೂ ನಡುವೆ ಮಾದರಿಯೇ ತಿರುಗುತ್ತದೆ. ಒಂದೊಂದು ಕೋನದಿಂದ ನೂರಾರು, ಕೆಲವೊಮ್ಮೆ ಸಾವಿರಾರು ನೆರಳುಚಿತ್ರ ತೆಗೆದು, ಕಂಪ್ಯೂಟರು ಅವುಗಳಿಂದ ಮೂರು ಆಯಾಮದ ರೂಪ ಕಟ್ಟುತ್ತದೆ. ಚಿತ್ರಬಿಂದು ಕೆಲವೇ ಮೈಕ್ರಾನಿಗೆ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇಳಿಯುತ್ತದೆ.

ತೊಡಕು ಮೂರು ಕಡೆಯಿಂದ ಬರುತ್ತದೆ. ಎಕ್ಸ್‌ರೇಗೆ ಗಾಳಿ, ನೀರು, ಮೂಳೆ ಬೇರೆ ಬೇರೆಯಾಗಿ ಕಾಣುತ್ತವೆ. ಪ್ಯೂಪಾದಲ್ಲಿ ಮೂಳೆಯಿಲ್ಲ, ರೆಕ್ಕೆ, ಕೊಬ್ಬು, ರಕ್ತ ಎಲ್ಲವೂ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಒಂದರ ಪಕ್ಕ ಒಂದು ಬೂದುಬಣ್ಣದಲ್ಲಿ ಕಲೆತುಹೋಗುತ್ತವೆ. ಸತ್ತ ಮಾದರಿಯಾದರೆ ಅಯೋಡಿನ್ ದ್ರಾವಣದಲ್ಲಿ ನೆನೆಸಿ ಮೃದು ಅಂಗಗಳನ್ನು ಎದ್ದುಕಾಣಿಸಬಹುದು, ಬದುಕಿರುವುದಕ್ಕೆ ಆ ಉಪಾಯವಿಲ್ಲ. ಎರಡನೆಯದು ಅಲುಗಾಟ. ಪ್ಯೂಪಾ ಹೊಟ್ಟೆಯನ್ನು ಪಟ್ಟನೆ ಕೊಡವುತ್ತದೆ. ಸ್ಕ್ಯಾನಿನ ನಡುವೆ ಒಮ್ಮೆ ಕೊಡವಿದರೂ ಅಂಚುಗಳೆಲ್ಲ ಜೋಡಿಯಾಗಿ ಮೂಡಿ ಆ ಸ್ಕ್ಯಾನ್ ಕೆಡುತ್ತದೆ. ತಣ್ಣಗಿಟ್ಟು ಸುಮ್ಮನಾಗಿಸಿದರೆ ಬೆಳವಣಿಗೆಯೇ ನಿಧಾನವಾಗುತ್ತದೆ, ಅಳೆಯಬೇಕಾದದ್ದನ್ನೇ ಕೆಡಿಸಿದಂತೆ.

ಮೂರನೆಯದು ವಿಕಿರಣದ ಪ್ರಮಾಣ. ಚಿತ್ರಬಿಂದುವಿನ ಅಗಲವನ್ನು ಅರ್ಧಕ್ಕಿಳಿಸಿ ಅದೇ ಸ್ಪಷ್ಟತೆ ಉಳಿಸಬೇಕೆಂದರೆ ಸುಮಾರು 16 ಪಟ್ಟು ವಿಕಿರಣ ಬೇಕು. ವಿಭಜನೆಯಾಗುತ್ತಿರುವ ಜೀವಕೋಶಗಳಿಗೆ ವಿಕಿರಣದ ಪೆಟ್ಟು ಹೆಚ್ಚು, ಮತ್ತು ಪ್ಯೂಪಾದ ಮೊದಲ ದಿನಗಳಲ್ಲಿ ರೆಕ್ಕೆ ಅಂಥ ಜೀವಕೋಶಗಳಿಂದಲೇ ತುಂಬಿರುತ್ತದೆ. ಆದ್ದರಿಂದ ಇಂಥ ಕೆಲಸದಲ್ಲಿ ಅದೇ ಗುಂಪಿನ ಕೆಲವು ಪ್ಯೂಪಾಗಳನ್ನು ಸ್ಕ್ಯಾನ್ ಮಾಡದೆ, ಅದೇ ಶಾಖದಲ್ಲಿ, ಪಕ್ಕದಲ್ಲೇ ಇಟ್ಟು ಹೋಲಿಸಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ 2013ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿದ್ದ ಒಂದು ತಂಡ ಪೇಂಟೆಡ್ ಲೇಡಿ ಚಿಟ್ಟೆಯ ಜೀವಂತ ಪ್ಯೂಪಾವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಒಂದೇ ಜೀವಿಯೊಳಗಿನ ಬದಲಾವಣೆಯನ್ನು ಹಿಂಬಾಲಿಸಿತು. ಅವರಿಗೆ ಚೆನ್ನಾಗಿ ಕಂಡದ್ದು ಗಾಳಿ ತುಂಬಿದ ಭಾಗಗಳು, ಅಂದರೆ ಶ್ವಾಸನಾಳಗಳ ಜಾಲ; ಜೊತೆಗೆ ಕರುಳಿನ ಆಕಾರ ಬದಲಾಗುವುದು. ಶ್ವಾಸನಾಳಗಳು ಅದುವರೆಗೆ ಎಣಿಸಿದ್ದಕ್ಕಿಂತ ಬಹಳ ಬೇಗ, ಪ್ಯೂಪಾದ ಮೊದಲ ದಿನದೊಳಗೇ, ಸ್ಪಷ್ಟ ರೂಪದಲ್ಲಿದ್ದವು. ಎಲ್ಲ ಕರಗಿದ ಚೀಲದೊಳಗೆ ಇಂಥ ಕವಲು ಕವಲಾದ ನಾಳಗಳು ಇರಲಾರವು. ನಿಮ್ಮ ವಿದ್ಯಾರ್ಥಿನಿಗೆ ಇದನ್ನೇ ಹೇಳಿ: ಸ್ಕ್ಯಾನ್ ಮಾಡಿದ್ದಾರೆ, ಒಳಗೆ ಕ್ರಮವಾದ ರಚನೆಯಿದೆ.

ಎಂ.ಆರ್.ಐ. ಯಾಕಾಗದು ಎಂದೂ ಆಕೆ ಕೇಳಬಹುದು. ಎಂ.ಆರ್.ಐ. ನೀರನ್ನು ಚೆನ್ನಾಗಿ ನೋಡುತ್ತದೆ, ವಿಕಿರಣವೂ ಇಲ್ಲ. ಆದರೆ ಚಿತ್ರಬಿಂದು ದೊಡ್ಡದು, ಮೈತುಂಬ ಹರಡಿರುವ ಶ್ವಾಸನಾಳದ ಗಾಳಿ ಕಾಂತಕ್ಷೇತ್ರವನ್ನು ಅಲ್ಲಲ್ಲಿ ಕದಡಿ ಚಿತ್ರದಲ್ಲಿ ಕಪ್ಪು ಕುಳಿಗಳನ್ನು ಮಾಡುತ್ತದೆ.

ರೆಕ್ಕೆಯನ್ನೇ, ಅದೂ ಹುರುಪೆ ಹುರುಪೆಯಾಗಿ ನೋಡಬೇಕೆಂದರೆ ಕಿಟಕಿ ತೆರೆಯಲೇಬೇಕು. ಪ್ಯೂಪಾದ ಮುಂದಿನ ರೆಕ್ಕೆಯ ಮೇಲಿನ ಗಟ್ಟಿ ಚರ್ಮದ ಒಂದು ತುಂಡನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ತೆಳುಗಾಜು ಕೂರಿಸುತ್ತಾರೆ. ಜಪಾನಿನ ರ್ಯೂಕ್ಯೂ ವಿಶ್ವವಿದ್ಯಾಲಯದ ಜೋಜಿ ಓಟಾಕಿ ಅವರ ತಂಡ 2014ರಲ್ಲಿ ಪ್ರಕಟಿಸಿದ ವಿಧಾನವೂ ಇದೇ ಜಾತಿಯದು. ಅದರಲ್ಲಿ ಮುಂದಿನ ರೆಕ್ಕೆ ಎತ್ತಿ ಕೆಳಗಿನ ಹಿಂದಿನ ರೆಕ್ಕೆಯನ್ನು ಬಯಲಿಗೆ ತರುತ್ತಾರೆ. ಇಲ್ಲಿ ಕೆಡುವುದು ಹೀಗೆ: ಗಾಜಿನ ಅಂಚಿನಿಂದ ದ್ರವ ಸೋರಿ ರೆಕ್ಕೆ ಒಣಗುತ್ತದೆ, ಸೋಂಕು ತಗಲುತ್ತದೆ. ಇವೆರಡಕ್ಕಿಂತ ಮೋಸದ್ದು ಇನ್ನೊಂದಿದೆ. ಎಳೆಯ ರೆಕ್ಕೆಗೆ ಗಾಯವಾದರೆ ಗಾಯದ ಸುತ್ತಲೂ ತಾನಾಗಿಯೇ ಬಣ್ಣದ ಬಳೆ ಮೂಡಬಲ್ಲದು. ಸೂಜಿ ತಾಗಿದ್ದರಿಂದ ಬಂದ ಬಳೆಯನ್ನು ಸಹಜ ಚುಕ್ಕೆಯೆಂದು ಎಣಿಸದಿರಲು ಎದುರುಬದಿಯ ರೆಕ್ಕೆಯನ್ನು ಮುಟ್ಟದೆ ಬಿಡಬೇಕು.

ಅಮೆರಿಕದ ಎಂ.ಐ.ಟಿ.ಯ ತಂಡ 2021ರಲ್ಲಿ ಇಂಥ ಕಿಟಕಿಯಿಂದ ಪೇಂಟೆಡ್ ಲೇಡಿಯ ಹುರುಪೆಗಳು ಬೆಳೆಯುವುದನ್ನು ದಿನಗಟ್ಟಲೆ ಚಿತ್ರಿಸಿತು. ಬಣ್ಣ ಕಟ್ಟದೆ, ಹಿಂತಿರುಗಿದ ಬೆಳಕಿನ ಅಲೆಗಳ ಹೊಂದಾಣಿಕೆಯನ್ನು ಅಳೆದು ಎತ್ತರ ತಗ್ಗು ಕಂಡುಹಿಡಿಯುವ ಸೂಕ್ಷ್ಮದರ್ಶಕ ಅದು. ಕಣ್ಣಾಸ್ಪತ್ರೆಯಲ್ಲಿ ಅಕ್ಷಿಪಟಲದ ಪದರ ನೋಡಲು ಬಳಸುವ ಓ.ಸಿ.ಟಿ. ಯಂತ್ರವೂ ಬೆಳಕಿನ ಇದೇ ಗುಣವನ್ನು ನೆಚ್ಚಿಕೊಂಡದ್ದು.

ಹುರುಪೆಯ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಬೆರಳಿಗೆ ಅಂಟುವ ಆ ಪುಡಿಯ ಒಂದೊಂದು ಕಣವೂ ಒಂದೊಂದು ಜೀವಕೋಶ ಕಟ್ಟಿದ್ದು. ರೆಕ್ಕೆಯ ಹಾಳೆಯಲ್ಲಿ ಕೆಲವು ಜೀವಕೋಶಗಳು ಸಾಲಾಗಿ ನಿಲ್ಲುತ್ತವೆ. ಅವು ವಿಭಜನೆಯಾಗಿ ಒಂದು ಜೀವಕೋಶ ಹುರುಪೆಯಾಗುತ್ತದೆ, ಅದರ ಸೋದರ ಜೀವಕೋಶವು ಹುರುಪೆ ಕೂರುವ ಕುಳಿಯಾಗುತ್ತದೆ. ಹುರುಪೆಯ ಜೀವಕೋಶ ತನ್ನ ಡಿಎನ್‌ಎಯನ್ನು ಪಟ್ಟುಪಟ್ಟಾಗಿ ನಕಲು ಮಾಡಿಕೊಂಡು ಹಿಗ್ಗುತ್ತದೆ. ಮೊದಲು ಬೆರಳಿನಂತೆ ಮೇಲೇಳುತ್ತದೆ, ಆಮೇಲೆ ದೋಣಿಯ ಹುಟ್ಟಿನ ತುದಿಯಂತೆ ಚಪ್ಪಟೆಯಾಗುತ್ತದೆ. ಅದರೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಉದ್ದಕ್ಕೆ ಕಟ್ಟುಕಟ್ಟಾಗಿ ಹಾಸಿರುತ್ತವೆ. ಪ್ಯೂಪಾ ಕಾಲದ ಸುಮಾರು ಶೇ. 40ರ ಹೊತ್ತಿಗೆ, ಅಲ್ಲಿಯವರೆಗೆ ನುಣುಪಾಗಿದ್ದ ಮೇಲ್ಪದರ ಈ ಕಟ್ಟುಗಳ ನಡುನಡುವೆ ಉಬ್ಬಿ ಏಣುಗಳಾಗತೊಡಗುತ್ತದೆ. ಪದರ ಬೆಳೆಯುತ್ತಿದೆ, ಎಳೆಗಳು ಅದನ್ನು ಹಿಡಿದಿವೆ, ಹೆಚ್ಚಾದ ಭಾಗಕ್ಕೆ ಮೇಲೇಳದೆ ದಾರಿಯಿಲ್ಲ. ಏಣುಗಳ ನಡುವಿನ ಅಂತರ ಒಂದೆರಡು ಮೈಕ್ರಾನ್. ಕೊನೆಗೆ ಕೀಟಗಳ ಹೊರಚಿಪ್ಪಿನ ವಸ್ತುವಾದ ಕೈಟಿನ್ ಗಟ್ಟಿಯಾಗಿ ಜೀವಕೋಶ ಸಾಯುತ್ತದೆ, ಖಾಲಿ ಚಿಪ್ಪು ಉಳಿಯುತ್ತದೆ. ಉದುರಿದ ಹುರುಪೆ ಮತ್ತೆ ಬೆಳೆಯದಿರುವುದು ಇದರಿಂದಲೇ. ಮಕ್ಕಳು ರೆಕ್ಕೆ ಮುಟ್ಟದಂತೆ ನೋಡಿಕೊಳ್ಳಿ.

ಬಣ್ಣ ತುಂಬುವುದು ಕೊನೆಯ ಒಂದೆರಡು ದಿನಗಳಲ್ಲಿ. ಸಾಮಾನ್ಯವಾಗಿ ಬಿಳಿ, ಹಳದಿ, ಕೆಂಪು ಮೊದಲು. ಮೆಲನಿನ್ನಿನ ಕಂದು–ಕಪ್ಪು ಆಮೇಲೆ. ಹೊರಬರುವ ಹಿಂದಿನ ದಿನ ಪ್ಯೂಪಾ ಕಪ್ಪಾಗಿ ಕಾಣುವುದು ಈ ಕಾರಣಕ್ಕೆ, ಚಿಪ್ಪು ಪಾರದರ್ಶಕವಾಗಿ ಒಳಗಿನ ರೆಕ್ಕೆ ತೋರುತ್ತಿರುತ್ತದೆ. ಹೊಳೆವ ನೀಲಿ ಮಾತ್ರ ಬಹಳಷ್ಟು ಚಿಟ್ಟೆಗಳಲ್ಲಿ ವರ್ಣದ್ರವ್ಯವಲ್ಲ, ರಚನೆಯ ಆಟ. ಇದನ್ನು ತರಗತಿಯಲ್ಲೇ ತೋರಿಸಬಹುದು. ಸತ್ತು ಬಿದ್ದ ನೀಲಿ ಚಿಟ್ಟೆಯ ರೆಕ್ಕೆಯ ಮೇಲೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಡಿ. ಹುರುಪೆಯ ಸಂದುಗಳಲ್ಲಿದ್ದ ಗಾಳಿಯ ಜಾಗಕ್ಕೆ ಆಲ್ಕೊಹಾಲ್ ನುಗ್ಗುತ್ತದೆ. ಕೈಟಿನ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.56, ಆಲ್ಕೊಹಾಲಿನದು ಸುಮಾರು 1.38, ಗಾಳಿಯದು 1. ವ್ಯತ್ಯಾಸ ಕಡಿಮೆಯಾದೊಡನೆ ನೀಲಿ ಹಸಿರಿಗೆ ತಿರುಗುತ್ತದೆ ಅಥವಾ ಮಂಕಾಗುತ್ತದೆ, ಹನಿ ಆರಿದ ಮೇಲೆ ಮರಳುತ್ತದೆ. ಪಕ್ಕದ ಕಂದು ಭಾಗ ಒದ್ದೆಯಾಗಿ ಗಾಢವಾಗುವುದೇ ಹೊರತು ಬೇರೆ ಬಣ್ಣಕ್ಕೆ ತಿರುಗುವುದಿಲ್ಲ. ನೀರಿನಿಂದ ಈ ಪ್ರಯೋಗ ಆಗುವುದಿಲ್ಲ, ಹುರುಪೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕೊನೆಯದಾಗಿ ಮುದುಡಿದ ರೆಕ್ಕೆ. ಹೊರಬಂದ ಚಿಟ್ಟೆಯ ರೆಕ್ಕೆ ಮಡಿಕೆ ಮಡಿಕೆಯಾಗಿ, ಒದ್ದೆಯಾಗಿ ಇರುತ್ತದೆ. ಅದು ತಲೆ ಮೇಲಾಗಿ ತೂಗಿ, ಹೊಟ್ಟೆ ಒತ್ತಿ ನಾಳಗಳೊಳಗೆ ಹೀಮೋಲಿಂಫ್ ತಳ್ಳುತ್ತದೆ. ಹರಡಿಕೊಳ್ಳಲು ಹತ್ತಿಪ್ಪತ್ತು ನಿಮಿಷ, ಹಾರುವಷ್ಟು ಗಟ್ಟಿಯಾಗಲು ಒಂದೆರಡು ಗಂಟೆ. ಆ ಮೊದಲ ನಿಮಿಷಗಳಲ್ಲಿ ಏನು ಅಡ್ಡಬಂದರೂ ಆ ಆಕಾರವೇ ಶಾಶ್ವತ. ಒಮ್ಮೆ ಗಟ್ಟಿಯಾದ ರೆಕ್ಕೆಯನ್ನು ನೀರು ಹಾಕಿಯಾಗಲಿ ಬೆರಳಲ್ಲಿ ನೀವಿಯಾಗಲಿ ಬಿಡಿಸಲಾಗದು.

ತರಗತಿಯ ಪಂಜರಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ನುಣುಪಾದ ಗೋಡೆ. ಗಾಜಿನ ಜಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಚಿಟ್ಟೆಗೆ ಹತ್ತಲು ಹಿಡಿತ ಸಿಗುವುದಿಲ್ಲ, ಜಾರಿ ನೆಲದ ಮೇಲೆಯೇ ರೆಕ್ಕೆ ಒಣಗುತ್ತದೆ. ಒಳಗೆ ಬಲೆಬಟ್ಟೆ ಅಥವಾ ಒರಟು ಕಾಗದ ಹಚ್ಚಿ. ಪ್ಯೂಪಾದ ಕೆಳಗೆ ರೆಕ್ಕೆಯ ಉದ್ದದ ಎರಡು ಮೂರು ಪಟ್ಟು ಖಾಲಿ ಜಾಗವಿರಲಿ. ಗಾಳಿ ತೀರಾ ಒಣಗಿದ್ದರೆ ಚಿಟ್ಟೆ ಚಿಪ್ಪಿಗೆ ಅಂಟಿಕೊಳ್ಳುತ್ತದೆ; ಪಂಜರದ ಗೋಡೆಗೆ ನೀರು ಸಿಂಪಡಿಸಿ, ಪ್ಯೂಪಾಕ್ಕೆ ನೇರ ಹೊಡೆದರೆ ಬೂಸ್ಟು ಹಿಡಿಯುತ್ತದೆ. ಪೊರೆ ಕಳಚಿದ ಮೊದಲ ದಿನ ಪ್ಯೂಪಾ ಮೆತ್ತಗಿರುತ್ತದೆ, ಆಗ ಒತ್ತಿದರೆ ಪೆಟ್ಟು ನೇರ ರೆಕ್ಕೆಗೇ ಬೀಳುತ್ತದೆ. ಕಳಚಿ ಬಿದ್ದ ಪ್ಯೂಪಾದ ತುದಿಯಲ್ಲಿ ರೇಷ್ಮೆ ಎಳೆ ಉಳಿದಿದ್ದರೆ ಆ ಎಳೆಗೆ ದಾರ ಕಟ್ಟಿ ತೂಗುಹಾಕಿ. ಎಳೆ ಇಲ್ಲದಿದ್ದರೆ ಬಲೆಯ ಬುಡದಲ್ಲೇ ಒರಟು ಕಾಗದದ ಮೇಲೆ ಮಲಗಿಸಿ, ಹೊರಬಂದೊಡನೆ ಹತ್ತಲು ಅನುಕೂಲವಾಗುತ್ತದೆ.

ಪಂಜರ ಸರಿಯಿದ್ದೂ ಮತ್ತೆ ಮತ್ತೆ ಮುದುಡಿದವೇ ಬಂದರೆ ಕೀಟನಾಶಕ ತಗಲಿದ ಎಲೆಯನ್ನೋ ರೋಗವನ್ನೋ ಅನುಮಾನಿಸಿ. ಮೊನಾರ್ಕ್ ಮತ್ತು ಕ್ವೀನ್ ಚಿಟ್ಟೆಗಳಿಗೆ ಓಫ್ರಿಯೊಸಿಸ್ಟಿಸ್ ಎಂಬ ಏಕಕೋಶ ಪರಾವಲಂಬಿ ತಗಲುತ್ತದೆ. ಅದರ ಬೀಜಕಗಳು ಹೊಟ್ಟೆಯ ಹುರುಪೆಗಳ ನಡುವೆ ಇರುತ್ತವೆ. ಪಾರದರ್ಶಕ ಟೇಪನ್ನು ಹೊಟ್ಟೆಗೆ ಮೆಲ್ಲಗೆ ಒತ್ತಿ, ಬಿಳಿ ಕಾಗದಕ್ಕಂಟಿಸಿ, 40 ಪಟ್ಟು ಹಿಗ್ಗಿಸಿ ನೋಡಿದರೆ ಹುರುಪೆಗಿಂತ ಬಹಳ ಸಣ್ಣದಾದ, ನಿಂಬೆಯಾಕಾರದ ಕಂದು ಕಣಗಳಾಗಿ ಕಾಣುತ್ತವೆ. ಕಂಡಲ್ಲಿ ಆ ಚಿಟ್ಟೆಯನ್ನು ಹೊರಗೆ ಬಿಡಬೇಡಿ, ಪಂಜರವನ್ನು ಬ್ಲೀಚ್ ದ್ರಾವಣದಲ್ಲಿ ನೆನೆಸಿ, ತೊಳೆದು, ಬಿಸಿಲಿಗೊಣಗಿಸಿ.

ಮಕ್ಕಳಿಂದ ದಾಖಲೆ ಬರೆಸುವಾಗ ಬರೀ ದಿನಾಂಕ ಸಾಲದು, ಪೊರೆ ಕಳಚಿದ ಗಂಟೆ ಮತ್ತು ಕೋಣೆಯ ಉಷ್ಣತೆ ಎರಡೂ ಬೇಕು. ಒಂದೇ ಜಾತಿಯ ಪ್ಯೂಪಾ ತಂಪಿನಲ್ಲಿ ಹೆಚ್ಚು ದಿನ, ಸೆಕೆಯಲ್ಲಿ ಕಡಿಮೆ ದಿನ ತೆಗೆದುಕೊಳ್ಳುತ್ತದೆ. ಸಂಶೋಧಕರು "ಮೂರನೆಯ ದಿನ" ಎನ್ನುವ ಬದಲು ಒಟ್ಟು ಅವಧಿಯ ಶೇಕಡಾವಾರಿನಲ್ಲಿ ಹೇಳುವುದು ಇದಕ್ಕೇ. ಫೋಟೋ ತೆಗೆಯುವುದಾದರೆ ಒಂದೇ ದೂರ, ಒಂದೇ ದೀಪ, ಚೌಕಟ್ಟಿನೊಳಗೆ ಒಂದು ಅಳತೆಪಟ್ಟಿ. ಮೊಬೈಲಿನ ಬಣ್ಣ ತಿದ್ದುವ ಸ್ವಯಂಚಾಲನೆ ಆಫ್ ಆಗಿರಲಿ.

ಇಷ್ಟಾಗಿಯೂ ಒಂದು ಮುದುಡಿದ ಚಿಟ್ಟೆ ಬಂದರೆ ಅದನ್ನು ಪಂಜರದಲ್ಲೇ ಸಾಕಿ. ಸುಮಾರು ಒಂಬತ್ತು ಪಾಲು ನೀರಿಗೆ ಒಂದು ಪಾಲು ಸಕ್ಕರೆ ಕರಗಿಸಿ ಹತ್ತಿಯಲ್ಲಿ ನೆನೆಸಿಡಿ. ಚಿಟ್ಟೆ ರುಚಿ ನೋಡುವುದು ಕಾಲಿನಿಂದ, ಆದ್ದರಿಂದ ಮುಂಗಾಲುಗಳನ್ನು ಹತ್ತಿಗೆ ಮುಟ್ಟಿಸಿದರೆ ಸುರುಳಿ ನಾಲಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚದಿದ್ದರೆ ಗುಂಡುಸೂಜಿಯ ಮೊಂಡು ತುದಿಯನ್ನು ಸುರುಳಿಯ ನಡುವಿಗೆ ಹಾಕಿ ಮೆಲ್ಲಗೆ ಎಳೆಯಿರಿ. ಹತ್ತಿಯನ್ನು ದಿನವೂ ಬದಲಿಸಿ, ಹುಳಿ ಬಂದ ಸಕ್ಕರೆನೀರು ಕೊಡಬೇಡಿ.